ಒಂಬತ್ತನೆಯ ಚೀಲದ ಮಣ್ಣು

ನನ್ನ ತಮ್ಮ ದುಂಡೇಶ ಮೂರನೆಯ ಸಲ ಅದೇ ಕಮರದ ಗಿಡದ ಬುಡ ಅಗೆಯುತ್ತಿದ್ದ. ಅವನಿಗೆ ಬೇಕಾದದ್ದು ಅಲ್ಲಿಲ್ಲವೆಂದು ನನಗೆ ಗೊತ್ತಿತ್ತು. ನಾನು ಹತ್ತು ಮಾರು ದೂರದಲ್ಲಿ ಕಲ್ಲಿನ ಮೇಲೆ ಕುಳಿತು, ಕೋಲಿನ ತುದಿಯಿಂದ ನೆಲ ಕೆರೆಯುತ್ತ ಸುಮ್ಮನೆ ನೋಡುತ್ತಿದ್ದೆ. ಖರೆ ಹೇಳಬೇಕೆಂದರೆ ಸುಮ್ಮನೆ ಅಲ್ಲ, ಸವಿಯುತ್ತಿದ್ದೆ.

ಅವನ ಜೊತೆ ಬಂದಿದ್ದ ಪೂನಮ್ ಸ್ಪಿರಿಟ್ ದೀಪ ಹಚ್ಚಿ, ಗಾಳಿಗೆ ಆರದಂತೆ ನೋಟ್‌ಬುಕ್ಕು ಅಡ್ಡ ಹಿಡಿದಿದ್ದಳು. ರಬಕವಿಯ ನೇಕಾರರ ಮಗಳು. ದುಂಡೇಶ ಪಿಎಚ್.ಡಿ. ಮಾಡುತ್ತಿದ್ದ ಲ್ಯಾಬಿನಲ್ಲೇ ಅವನಿಗಿಂತ ಒಂದು ವರ್ಷ ಕಿರಿಯಳಾಗಿ ಓದುತ್ತಿದ್ದಳು. ದುಂಡೇಶ ಚಮಚೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ದೀಪಕ್ಕೆ ಹಿಡಿದು, ಆರಿದ ಮೇಲೆ ನಾಲ್ಕು ಬೆರಳು ಆಳದ ಮಣ್ಣು ತೆಗೆದು ಚೀಲಕ್ಕೆ ಹಾಕಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಣ್ಣಾ, ನೀ ಹ್ವಾದ ವರ್ಷ ಇಲ್ಲೇ ತಗದಿದ್ದೀ, ಹೌದಿಲ್ಲೋ? ಇದ ಗಿಡಾ?"

"ಗಿಡದ ಮ್ಯಾಲ ಕೆಂಪ ಬಣ್ಣದಾಗ ಒಂಬತ್ತಂತ ನೀನ ಬರದೀಯಲ್ಲ. ನನಗೂ ಅಂಕಿ ಓದಾಕ ಬರ್ತೈತಿ. ಏಳನೇತ್ತೆ ಮಟಾ ಕಲ್ತೀನಿ."

ಅವನು ಮುಖ ತಿರುಗಿಸಿದ. ಏಳನೆಯ ಇಯತ್ತೆಯ ಮಾತು ತೆಗೆದಾಗಲೆಲ್ಲ ಅವನು ಹಾಗೇ ಮಾಡುತ್ತಾನೆ.

ಆಲಮಟ್ಟಿಯ ಹಿನ್ನೀರು ನಮ್ಮ ಊರಿಗೆ ಬಂದದ್ದು ನಾನು ಏಳನೆಯ ಇಯತ್ತೆಯಲ್ಲಿದ್ದಾಗ. ಊರನ್ನು ಎತ್ತಿ ಬೀಳಗಿಯ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ಇಟ್ಟರು. ಮನೆ ಕೊಟ್ಟರು, ಸಾಲಿ ಕೊಟ್ಟರು. ಹೊಳೆದಂಡೆಯ ಹುಲ್ಲುಗಾವಲು ಕೊಡಲು ಯಾರ ಕೈಲೂ ಆಗಲಿಲ್ಲ. ಕುರಿಗಳನ್ನು ದೂರ ದೂರ ಹೊಡೆದುಕೊಂಡು ಹೋಗಬೇಕಾಯಿತು. ನಮ್ಮಪ್ಪ ಅಮಸಿದ್ದಪ್ಪನಿಗೆ ಇನ್ನೊಬ್ಬ ಆಳು ಬೇಕಾಯಿತು. "ದೊಡ್ಡವ ಬರ್ಲಿ," ಎಂದ. ಎರಡೇ ಮಾತು. ಆ ವರ್ಷ ವಿಜ್ಞಾನದಲ್ಲಿ ನನಗೆ ಎಪ್ಪತ್ತೆಂಟು, ಒಂದು ಇಯತ್ತೆ ಕೆಳಗಿದ್ದ ದುಂಡೇಶನಿಗೆ ಐವತ್ತೊಂದು. ಅಂಕಪಟ್ಟಿ ಈಗಲೂ ನನ್ನ ಟ್ರಂಕಿನಲ್ಲಿದೆ. ಯಾರಾದರೂ ಕೇಳಿದರೆ ತೋರಿಸೋಣವೆಂದು ಇಟ್ಟಿದ್ದೇನೆ. ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಅವನು ಜಮಖಂಡಿಯ ಹಾಸ್ಟೆಲ್ಲಿನಲ್ಲಿ ಕುಳಿತು ಬಿ.ಎಸ್ಸಿ. ಮುಗಿಸಿದ. ಎಂ.ಎಸ್ಸಿ. ಮುಗಿಸಿದ. ಮಣ್ಣಿನೊಳಗಿನ ಬ್ಯಾಕ್ಟೀರಿಯಾಗಳ ಮೇಲೆ ಪಿಎಚ್.ಡಿ. ಹಿಡಿದ. ನಾನು ಸುಗ್ಗಿ ಮುಗಿದ ಮೇಲೆ ಮುಧೋಳದ ಕಡೆ ಕಬ್ಬು ಕಡಿದ ಹೊಲಗಳಲ್ಲಿ ಕುರಿ ನಿಲ್ಲಿಸಿ, ಮುಂಗಾರಿಗೆ ತಿರುಗಿ ಬೀಳಗಿಯ ಗುಡ್ಡದ ಬುಡದಲ್ಲಿ ಮುತ್ತಜ್ಜನ ಕಾಲದಿಂದ ಇದ್ದ ನಮ್ಮ ಕುರಿಹಟ್ಟಿಗೆ ಬರುತ್ತಿದ್ದೆ. ಸಂತೆಯಲ್ಲಿ ಯಾರಾದರೂ ಮಕ್ಕಳ ಬಗ್ಗೆ ಕೇಳಿದರೆ ಅಪ್ಪ ನನ್ನೆದುರೇ ಹೇಳುತ್ತಿದ್ದ: "ದೊಡ್ಡವ ಕುರಿ ಕಾಯ್ತಾನ. ಸಣ್ಣವ ಶಾಣ್ಯಾ ಅದಾನ."

ಕುರಿ ಕಾಯುವವನು ಶಾಣ್ಯಾ ಇರಬಾರದೇನು? ಯಾವ ಹುಲ್ಲಿಗೆ ಹೊಟ್ಟೆ ಉಬ್ಬುತ್ತದೆ, ಯಾವ ಹಳ್ಳದ ನೀರಿಗೆ ಜಂತು ಬೀಳುತ್ತದೆ, ಇದನ್ನೆಲ್ಲ ನನಗೆ ಯಾವ ಹಾಸ್ಟೆಲ್ಲು ಕಲಿಸಿತು?

ಇರಲಿ. ಹೋದ ವರ್ಷ ದುಂಡೇಶ ಈ ಗುಡ್ಡದ ಕುರುಚಲು ಕಾಡಿನಲ್ಲಿ ಹನ್ನೆರಡು ಗಿಡಗಳಿಗೆ ಕೆಂಪು ಬಣ್ಣದಲ್ಲಿ ನಂಬರು ಹಾಕಿ ಹೋಗಿದ್ದ. ಮೊದಲ ಮಳೆಯಾದ ಮೂರನೆಯ ದಿನ ಆ ಹನ್ನೆರಡೂ ಕಡೆಯ ಮಣ್ಣು ಬೇಕಿತ್ತು. ಆದರೆ ಅದೇ ವಾರ ಅವನ ಗೈಡು ಅವನನ್ನು ಹೈದರಾಬಾದಿಗೆ ಏನೋ ಕಲಿಯಲು ಕಳಿಸಿದರು. ಅವನು ಚೀಲ, ಚಮಚೆ, ಸ್ಪಿರಿಟ್ ಬಾಟಲಿಗಳನ್ನು ಬಸ್ಸಿನ ಕಂಡಕ್ಟರನ ಕೈಲಿ ಕೊಟ್ಟು ಕಳಿಸಿದ. "ಅಣ್ಣಾ, ನೀನ ತಗದ ಕಳಸು. ಗುಡ್ಡ ನಿನಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ," ಎಂದು ಫೋನಿನಲ್ಲಿ ಬೆಣ್ಣೆ ಹಚ್ಚಿದ. ನನಗೂ ಹುರುಪು ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಮಣ್ಣು ತೆಗೆಯುವ ದಿನ ಮುಂಜಾನೆ ಮುಧೋಳದ ಕಡೆಯ ಮುರಗೆಪ್ಪ ಎಂಬವರು ನಮ್ಮ ಮನೆಗೆ ಬಂದರು. ಅವರಿಗೆ ಲಗ್ನಕ್ಕೆ ಬಂದ ಮಗಳಿದ್ದಳು. ಅವ್ವ ನನಗೆ ಹಿಂದಿನ ದಿನವೇ ಹೇಳಿ, ಬಿಳಿ ಅಂಗಿ ಇಸ್ತ್ರಿ ಮಾಡಿಸಿದ್ದಳು. ನಾನು ಎಣ್ಣೆ ಹಚ್ಚಿ ಕ್ರಾಪು ತೆಗೆದು ಬಂದು ಕುಳಿತೆ. ಮುರಗೆಪ್ಪ ಚಹಾ ಕುಡಿದರು, ಮಳೆಯ ಮಾತಾಡಿದರು, ನನ್ನನ್ನು ಒಮ್ಮೆ ನೋಡಿದರು.

"ಅಲ್ರೀ ಅಮಸಿದ್ದಪ್ಪ, ಹುಡುಗ ಎಂದ ಬರ್ತಾನು?"

"ಯಾವ ಹುಡುಗ್ರೀ?" ಎಂದ ಅಪ್ಪ.

"ಅದ, ನಿಮ್ಮ ಸಣ್ಣವ. ಡಾಕ್ಟರಕಿ ಮಾಡಾಕತ್ತಾನಂತಲ್ಲ."

ಅಪ್ಪ ನನ್ನ ಮುಖ ನೋಡಲಿಲ್ಲ. "ಅವನಿಗೆ ಇನ್ನೂ ಎರಡ ವರ್ಷ ಓದೈತ್ರೀ," ಎಂದ. ದೊಡ್ಡವನು ಇಲ್ಲೇ ಕುಳಿತಿದ್ದಾನೆ ಎನ್ನಲಿಲ್ಲ. ಒಂದು ಮಾತು ಅನ್ನಬಹುದಿತ್ತು.

ಅದೇ ಬಿಳಿ ಅಂಗಿಯಲ್ಲಿ ನಾನು ಗುಡ್ಡ ಹತ್ತಿದೆ. ಹನ್ನೊಂದು ಗಿಡಗಳ ಮಣ್ಣನ್ನು ಹೇಳಿದ ಹಾಗೇ ತೆಗೆದೆ. ಒಂಬತ್ತನೆಯದು ಎಲ್ಲಕ್ಕಿಂತ ಮೇಲೆ, ಜಾಲಿಮುಳ್ಳು ತುಂಬಿದ ಕೊರಕಲಿನ ಆಚೆ ಇತ್ತು. ಕೊರಕಲಿನ ಈಚೆ ನಿಂತು ಆ ಕೆಂಪು ಅಂಕಿ ನೋಡಿದೆ. ಇವನ ಡಾಕ್ಟರಕಿಗಾಗಿ ನಾನೇಕೆ ಅಂಗಿ ಹರಿದುಕೊಳ್ಳಲಿ ಎನಿಸಿತು. ಇಳಿದು ಬಂದೆ. ನಮ್ಮ ಹಟ್ಟಿಯ ಬಾಯಿಯಲ್ಲಿ ಕುಳಿತು ಬೀಡಿ ಸೇದಿದೆ. ಸೇದಿ ಮುಗಿದ ಮೇಲೆ ಕುಳಿತಲ್ಲೇ ಕಾಲಡಿಯ ಮಣ್ಣನ್ನು ತೆಗೆದು ಒಂಬತ್ತನೆಯ ಚೀಲಕ್ಕೆ ತುಂಬಿದೆ. ಮಣ್ಣು ಮಣ್ಣೇ. ನೋಡಿಕೊಳ್ಳಲಿ ಮಗ.

ನಾಲ್ಕು ತಿಂಗಳ ಮೇಲೆ ದುಂಡೇಶ ಪೇಢೆಯ ಡಬ್ಬಿ ಹಿಡಿದು ಮನೆಗೆ ಬಂದ.

ಹನ್ನೆರಡು ಚೀಲಗಳ ಮಣ್ಣನ್ನೂ ಅವನು ಕುದಿಸಿ ಆರಿಸಿದ ನೀರಿನಲ್ಲಿ ಕದಡಿ, ಅದರಲ್ಲಿ ಒಂದು ಪಾಲನ್ನು ಒಂಬತ್ತು ಪಾಲು ನೀರಿಗೆ, ಮತ್ತೆ ಅದರಲ್ಲಿ ಒಂದು ಪಾಲನ್ನು ಒಂಬತ್ತು ಪಾಲಿಗೆ, ಹೀಗೆ ತೆಳು ಮಾಡುತ್ತ ಹೋಗಿ ಗಾಜಿನ ತಟ್ಟೆಗಳಲ್ಲಿ ಹಾಕಿದ್ದನಂತೆ. ತಟ್ಟೆಯಲ್ಲಿ ಬೆಳೆದ ಒಂದೊಂದು ಚುಕ್ಕೆಯನ್ನೂ ಬೇರೆ ಮಾಡಿ, ಅದರ ಆಕಾರ, ಅದು ತಿನ್ನುವ ಸಕ್ಕರೆ, ತಡೆಯುವ ಉಪ್ಪು, ತಡೆಯುವ ಬಿಸಿ, ಎಲ್ಲ ಬರೆದಿಟ್ಟಿದ್ದನಂತೆ. ಹನ್ನೊಂದು ಚೀಲಗಳಲ್ಲಿ ಸಿಕ್ಕಿದ್ದೆಲ್ಲ ಹೆಸರಿದ್ದವೇ. ಒಂಬತ್ತನೆಯ ಚೀಲದಲ್ಲಿ ಒಂದು ಮಾತ್ರ ಹೆಸರಿಲ್ಲದ್ದು. ಅದರ ಜೀನಿನ ಅಕ್ಷರಗಳನ್ನು ಓದಿಸಿ ಜಗತ್ತಿನ ಗೊತ್ತಿದ್ದ ಬ್ಯಾಕ್ಟೀರಿಯಾಗಳ ಜೊತೆ ಹೋಲಿಸಿದರೆ, ಎಲ್ಲಕ್ಕೂ ಹತ್ತಿರದ ನೆಂಟನ ಜೊತೆಗೂ ನೂರಕ್ಕೆ ತೊಂಬತ್ತಾರು ಮಾತ್ರ ಕೂಡುತ್ತಿತ್ತು.

"ತೊಂಬತ್ತಾರ ಅಂದ್ರ ಭಾಳ ಆತಲ್ಲೋ," ಎಂದಳು ಅವ್ವ ಯಲ್ಲಕ್ಕ.

"ಇದರಾಗ ತೊಂಬತ್ತಾರಂದ್ರ ಬ್ಯಾರೆ ಜಾತೀನ ಬೇ! ಯಾರೂ ನೋಡಿಲ್ಲ ಇದನ್ನ. ನಾನ ಮೊದಲ. ಹೆಸರ ನಾನ ಇಡಬೇಕು. ಎರಡ ದೇಶದಾಗ ಜ್ವಾಪಾನ ಮಾಡಿ ಇಡ್ತಾರ."

"ಏನ್ ಹೆಸರ ಇಡ್ತೀಯಪಾ?" ಅಪ್ಪನ ಧ್ವನಿಯೇ ಬೇರೆಯಾಗಿತ್ತು.

"ಬೀಳಗಿ ಹೆಸರ ಬರೂ ಹಂಗ. ಲ್ಯಾಟಿನ್ ಒಳಗ."

ನನ್ನ ಬಾಯಲ್ಲಿ ಪೇಢೆ ಇತ್ತು. ಅದು ನನ್ನ ಹಟ್ಟಿಯದು. ನನ್ನ ಕಾಲಡಿಯದು. ನಾನು ಬೀಡಿಯ ಬೂದಿ ಕೆಡವಿದ ಜಾಗದ್ದು.

"ಮಣ್ಣ ತಗದವನ ಹೆಸರ ಎಲ್ಲಿ ಬರ್ತೈತಿ?" ಎಂದೆ.

"ಕೊನೀಗೆ ಥ್ಯಾಂಕ್ಸ್ ಅಂತ ಬರೀತಾರಣ್ಣಾ, ಅಲ್ಲಿ ಹಾಕ್ತೀನಿ," ಎಂದ. ಅಪ್ಪ ನಕ್ಕ. "ನಿನಗ್ಯಾಕಲೇ ಹೆಸರ? ಕುರಿ ಓದತಾವೇನು?"

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅಪ್ಪನ ಆ ನಗುವಿಗೆ ಇರಲಿ ಎಂದು ಒಳಗೇ ಇಟ್ಟುಕೊಂಡೆ.

ಇಟ್ಟುಕೊಂಡದ್ದು ಕೆಲಸಕ್ಕೆ ಬಂತು. ಗೈಡ್ ಶಿವಯೋಗೆಪ್ಪ ಸರ್, ಒಂದೇ ಸಲ ಸಿಕ್ಕಿದ್ದನ್ನು ನಂಬಲಾಗದು ಎಂದರಂತೆ. ಲ್ಯಾಬಿನ ಗಾಳಿಯಲ್ಲೋ, ಯಾರದೋ ಕೈಯಲ್ಲೋ ಇದ್ದದ್ದು ತಟ್ಟೆಗೆ ಬಿದ್ದಿರಬಹುದು. ಅದೇ ಜಾಗದ ಮಣ್ಣಲ್ಲಿ ಮತ್ತೆ ಸಿಗಲಿ, ಆಮೇಲೆ ಹೆಸರು. ದುಂಡೇಶ ಒಂದು ಸಲ ಬಂದು ಒಯ್ದ. ಸಿಗಲಿಲ್ಲ. ಎರಡನೆಯ ಸಲ ಒಯ್ದ. ಸಿಗಲಿಲ್ಲ. ಲ್ಯಾಬಿನ ಹುಡುಗರು, ಕೈ ತೊಳೆಯದೆ ಹೊಲಸು ಬೆಳೆಸಿ ಅದಕ್ಕೆ ನಾಮಕರಣ ಮಾಡಲು ಹೊರಟವನೆಂದು ಆಡಿಕೊಳ್ಳತೊಡಗಿದರು. ಈ ಮುಂಗಾರಿನ ಮಣ್ಣಲ್ಲೂ ಸಿಗದಿದ್ದರೆ ಒಂದು ವರ್ಷದ ಕೆಲಸವನ್ನು ಕೈಬಿಟ್ಟು ಬೇರೆ ವಿಷಯ ಹಿಡಿ ಎಂದು ಸರ್ ಹೇಳಿಬಿಟ್ಟಿದ್ದರು.

ಇದೆಲ್ಲ ನನಗೆ ಫೋನಿನಲ್ಲಿ ಅವನೇ ಹೇಳಿದ್ದು. ಹೂಂ ಹೂಂ ಎನ್ನುತ್ತ ಕೇಳಿದೆ. ಹದಿನಾಲ್ಕು ವರ್ಷಗಳಲ್ಲಿ ನನಗೆ ಅಷ್ಟು ಹಗುರವೆನಿಸಿದ ದಿನ ಇನ್ನೊಂದಿಲ್ಲ.

ಈಗ, ಮೂರನೆಯ ಸಲ, ಅವನು ಕಮರದ ಬುಡದಲ್ಲಿ ನಾಲ್ಕೂ ದಿಕ್ಕಿನ ಮಣ್ಣು ತೆಗೆದು ಮುಗಿಸಿದ. ಮೊಣಕಾಲಲ್ಲೇ ಕುಳಿತ. ಪೂನಮ್ ಚೀಲಗಳಿಗೆ ನಂಬರು ಬರೆಯುತ್ತಿದ್ದಳು.

"ಮೊದಲಿನ ಮಣ್ಣ ಹಿಂಗ ಇರಲಿಲ್ರೀ ದುಂಡೇಶ," ಎಂದಳು. "ಅದರಾಗ ಕುರಿ ಉಣ್ಣೆ ಎಳಿ ಇತ್ತು. ನಮ್ಮ ಮನ್ಯಾಗ ಹುಟ್ಟಿದಾಗಿಂದ ನೂಲ ನೋಡೀನಿ, ನನ್ನ ಕಣ್ಣ ತಪ್ಪಂಗಿಲ್ಲ."

"ಹೇಳೀನಲ್ಲ, ಅಣ್ಣನ ಕಂಬಳೀದು ಉದುರಿರಬೇಕು. ಕುರುಬರ ಮನೀ ಊಟದಾಗೂ ಉಣ್ಣೆ ಇರ್ತೈತಿ."

ಪೂನಮ್ ನನ್ನ ಹೆಗಲ ಕಡೆ ನೋಡಿದಳು. ಮುಂಗಾರಿನ ಸೆಕೆಗೆ ನನ್ನ ಮೈಮೇಲೆ ಬನಿಯನ್ನು ಮಾತ್ರ ಇತ್ತು. ನಾನು ಗುಡ್ಡದ ಕೆಳಗೆ ಮೇಯುತ್ತಿದ್ದ ಹಿಂಡಿನ ಕಡೆ ನೋಡಿದೆ.

"ಆತು ಬಿಡು," ಎಂದ ದುಂಡೇಶ. ಎದ್ದು ಬಂದು ನನ್ನ ಪಕ್ಕದ ಕಲ್ಲಿನ ಮೇಲೆ ಕುಳಿತ. "ಅಣ್ಣಾ, ನಿನ್ನೆ ಅಪ್ಪನ ಮುಂದ ಹೇಳೀನಿ. ಈ ಸಲಾನೂ ಸಿಗಲಿಲ್ಲಂದ್ರ ನಾ ತಿರುಗಿ ಆ ಲ್ಯಾಬಿನ ಬಾಗಲಾ ತುಳಿಯಂಗಿಲ್ಲ. ಇಲ್ಲೇ ಬಂದ್ಬಿಡ್ತೀನಿ."

"ಬಂದ ಏನ್ ಮಾಡ್ತಿ?"

"ಕುರಿ ಹಿಡೀತೀನಿ. ಲಸಿಕಿ, ಔಷಧ, ತಳಿ, ಎಲ್ಲಾ ಶಿಸ್ತ ಮಾಡಿದ್ರ ಎರಡ ವರ್ಷದಾಗ ಹಿಂಡ ದುಪ್ಪಟ್ಟ ಆಗ್ತೈತಿ. ಅಪ್ಪಾನೂ ಹೂಂ ಅಂದ."

"ಹೂಂ ಅಂದ?"

"ದುಂಡೇಶ ಶಾಣ್ಯಾ ಅದಾನ, ಅವನ ನೋಡಲಿ, ದೊಡ್ಡವ ಮಾಳಿಂಗರಾಯ ಮುಧೋಳದ ಕಡೆ ಸಕ್ರಿ ಫ್ಯಾಕ್ಟರಿ ಕಬ್ಬ ಹೇರಾಕ ಹೋಗ್ಲಿ ಅಂದ. ನಿನಗೂ ಬಿಸಲಾಗ ತಿರಗೂದ ತಪ್ಪತೈತಿ ಅಣ್ಣಾ."

ಕೊನೆಯ ಮಾತನ್ನು ಅವನು ಪ್ರೀತಿಯಿಂದಲೇ ಹೇಳಿದ. ಅದೇ ನನ್ನನ್ನು ಸುಟ್ಟದ್ದು. ಕೆಳಗೆ ನನ್ನ ಹಿಂಡು. ಯಾವ ಕುರಿ ಯಾವುದರ ಮಗಳು, ಯಾವುದು ಯಾವ ಮಳೆಯಲ್ಲಿ ಹುಟ್ಟಿತು, ಯಾವುದಕ್ಕೆ ಎಡಗಾಲು ಸೋಲುತ್ತದೆ, ಅದೊಂದು ವಿದ್ಯೆ ಮಾತ್ರ ನನ್ನದೆಂದು ಇತ್ತು. ಸಾಲಿ ಅವನಿಗೆ ಹೋಯಿತು. ಹೆಣ್ಣು ಕೊಡಲು ಬಂದವರು ಅವನಿಗೆ ಬಂದರು. ಹಟ್ಟಿಯ ಮಣ್ಣಿನ ಹುಳದ ಹೆಸರೂ ಅವನ ಕೈಯಿಂದಲೇ. ಈಗ ಅಲ್ಲಿ ಸೋತು ಬಂದು ಇಲ್ಲಿಯೂ ಗೆಲ್ಲುತ್ತಾನೆ!

"ಕುರೀನೂ ಬೇಕೇನಲೇ ನಿನಗ?" ಎಂದೆ. ನನ್ನ ಧ್ವನಿಗೆ ಪೂನಮ್ ಬೆಚ್ಚಿ ಎದ್ದಳು. "ಹೋಗು. ಹೋಗಿ ಆ ಲ್ಯಾಬಿನಾಗ ಸಾಯಿ. ಆ ಚೀಲ ಇಲ್ಲೀದಲ್ಲ!"

"ಏನಂದಿ?"

"ಒಂಬತ್ತನೇ ಚೀಲ. ನಾ ಈ ಗಿಡದ ಮಟಾ ಬಂದಿಲ್ಲ. ನಮ್ಮ ಹಟ್ಟಿ ಬಾಯಾಗ ಕುಂತ ತುಂಬೀನಿ. ಬೇಕಂತ ತುಂಬೀನಿ."

ದುಂಡೇಶ ಎದ್ದು ನಿಂತ. ಆಮೇಲೆ ನನ್ನ ಬನಿಯನ್ನು ಹಿಡಿದು ಎಳೆದ, ಅದು ಹರಿಯಿತು. "ಒಂದ ವರ್ಷ! ಒಂದ ವರ್ಷ ಮಂದಿ ನನ್ನ ಮಾರಿ ಮ್ಯಾಲ ಉಗುಳ್ಯಾರ, ನೀ ಫೋನ್‌ನ್ಯಾಗ ಹೂಂ ಹೂಂ ಅಂತಿದ್ದಿ!" ಎಂದು ನನ್ನನ್ನು ನೂಕಿದ. ನಾನೂ ನೂಕಿದೆ. ಇಬ್ಬರೂ ಕಲ್ಲಿನಿಂದ ಉರುಳಿದೆವು. ಚಿಕ್ಕಂದಿನಿಂದ ಅವನ ಮೇಲೆ ಕೈ ಎತ್ತಿರಲಿಲ್ಲ. ಆ ಬಾಕಿಯನ್ನೂ ಅಲ್ಲೇ ತೀರಿಸಿದೆ.

"ಏ, ಮೊದಲ ಮಣ್ಣ ತಗೀರಿ, ಆಮ್ಯಾಲ ಬಡದಾಡ್ರಿ!" ಪೂನಮ್ ಕೂಗಿದಳು. "ಮಳಿ ಬರಾಕತ್ತೈತಿ. ತೊಯ್ದ ಮ್ಯಾಲ ಮತ್ತ ಮೂರ ದಿನ ಕಾಯೂದು ಯಾರು? ನಿಮ್ಮಪ್ಪ?"

ನಾವು ಎದ್ದೆವು. ಮೂವರೂ ಗುಡ್ಡ ಇಳಿದೆವು.

ಹಟ್ಟಿಯ ಬಾಯಲ್ಲಿ ಎರಡು ಚಪ್ಪಡಿಗಳ ನಡುವೆ ಮೂರು ಮೊಳ ಅಗಲದ ನೆಲ. "ಇಲ್ಲಿ," ಎಂದೆ. ದುಂಡೇಶ ಬಾಗಿ ಒಂದು ಚಿಟಿಕೆ ಮಣ್ಣನ್ನು ಮೂಸಿ ನೋಡಿದ. ಅವನ ಮುಖ ಬದಲಾಯಿತು.

"ಭಂಡಾರ," ಎಂದ.

ಹಿಂಡು ಹೊರಡುವಾಗಲೂ ತಿರುಗಿ ಬಂದಾಗಲೂ ಹಟ್ಟಿಯ ಬಾಯಲ್ಲಿ ನಮ್ಮ ಕುಲದೇವರು ಬೀರಪ್ಪನ ಹೆಸರು ಕೂಗಿ ಕುರಿಗಳ ಮೇಲೆ ಭಂಡಾರ ತೂರುವುದು ನಮ್ಮ ಮುತ್ತಜ್ಜನ ಕಾಲದಿಂದ ಬಂದದ್ದು. ಅರಿಷಿಣದ ಪುಡಿ ಬಿದ್ದು ಬಿದ್ದು, ಕುರಿಯ ಗಂಜಲದಲ್ಲಿ ತೊಯ್ದು ತೊಯ್ದು, ಅಲ್ಲಿಯ ಮಣ್ಣು ಕೈಗೆ ಬಣ್ಣ ಹತ್ತುವ ಹಾಗಿದೆ.

"ಭಂಡಾರದಾಗ ಹುಟ್ಟಿ ಭಂಡಾರದಾಗ ಬೆಳದಾಂವ, ಚೀಲ ಬಿಚ್ಚಿದಾಗ ಮೂಗಿಗೆ ಬಡೀಲಿಲ್ಲೇನು?" ಎಂದೆ.

"ಬಡೀತು," ಎಂದ ಸಣ್ಣ ದನಿಯಲ್ಲಿ. "ನಿನ್ನ ಕೈ ವಾಸನಿ ಅಂದಕೊಂಡೆ. ಮನೀ ವಾಸನಿ. ಅದನ್ನ ನಾ ಬರದ ಇಡಲಿಲ್ಲ."

ಪೂನಮ್ ನಮ್ಮಿಬ್ಬರನ್ನೂ ನೋಡಿ, "ಅರಿಷಿಣದಾಗ ಎಷ್ಟೋ ಬ್ಯಾಕ್ಟೀರಿಯಾ ಸಾಯ್ತಾವ್ರೀ," ಎಂದಳು. "ಅದರಾಗ ಬದುಕೂದು ಕಲ್ತದ್ದ ಇದು ಇದ್ರ? ಗುಡ್ಡದ ಮ್ಯಾಲ ಹ್ಯಾಂಗ ಸಿಗ್ತೈತಿ?"

ದುಂಡೇಶ ಚಮಚೆಗೆ ಕೈ ಹಾಕಿದ. ನಾನು ಕಸಿದುಕೊಂಡೆ.

"ಇದು ನನ್ನ ಹಟ್ಟಿ. ನಾ ತಗೀತೀನಿ."

ಸ್ಪಿರಿಟ್ಟಿಗೆ ಅದ್ದಿದೆ, ದೀಪಕ್ಕೆ ಹಿಡಿದೆ, ಆರಿಸಿದೆ. ಮೇಲಿನ ಹಿಕ್ಕೆ ಸರಿಸಿ ನಾಲ್ಕು ಬೆರಳು ಆಳಕ್ಕೆ ತೆಗೆದೆ. ಐದು ಕಡೆ, ಐದು ಚೀಲ. ತಮ್ಮ ಚೀಲದ ಬಾಯಿ ಹಿಡಿದ. ಪೂನಮ್ ಚೀಟಿಯ ಮೇಲೆ ಜಾಗ ಬರೆದಳು, ತಾರೀಕು ಬರೆದಳು. "ತಗದವರು?" ಎಂದು ಕೇಳಿದಳು. "ಮಾಳಿಂಗರಾಯ ಅಮಸಿದ್ದಪ್ಪ," ಎಂದೆ. ಐದೂ ಚೀಟಿಗಳ ಮೇಲೆ ಬರೆದಳು. ಅಷ್ಟರಲ್ಲಿ ಹನಿ ಬಿತ್ತು.

ಹದಿನೆಂಟನೆಯ ದಿನ, ನಾನು ಹಟ್ಟಿಯ ಹಿಂದೆ ಕುರಿಗಳ ಗೊರಸು ನೋಡುತ್ತಿದ್ದಾಗ, ಪೂನಮ್‌ಳ ಫೋನು ಬಂತು.

"ಅಣ್ಣಾರ, ಸಿಕ್ತು! ಐದರಾಗ ನಾಲ್ಕ ಚೀಲದಾಗ ಸಿಕ್ತು. ಜೀನ್ ಓದಿಸಿದ್ವಿ, ಅದ ಐತಿ. ಅರಿಷಿಣ ಹಾಕಿದ ತಟ್ಟ್ಯಾಗ ಉಳದಾವ ಎಲ್ಲಾ ಸತ್ತು, ಇದು ಬೆಳದೈತಿ. ಲ್ಯಾಬಿನ ಹೊಲಸು ಅಂದಾವ್ರು ಈಗ ಬಾಯಿ ಮುಚ್ಚ್ಯಾರ. ತಡೀರಿ, ಸರ್‌ಗೆ ನಿಮ್ಮ ಜೋಡಿ ಮಾತಾಡಬೇಕಂತ."

ಶಿವಯೋಗೆಪ್ಪ ಸರ್ ಮೊದಲು ಬೈದರು. ಸುಳ್ಳು ನಂಬರು ಹಾಕಿದ ಮಣ್ಣು ಕಳವಿಗಿಂತ ಕೀಳು, ಕಳವಾದರೆ ಕಳೆದದ್ದು ಗೊತ್ತಾಗುತ್ತದೆ, ಇದು ಗೊತ್ತೇ ಆಗುವುದಿಲ್ಲ ಎಂದರು. "ಹೌದ್ರೀ ಸರ್, ನಾನ ಮಾಡೀನಿ. ಹೊಟ್ಟಿಕಿಚ್ಚಿಗೆ ಮಾಡೀನಿ," ಎಂದೆ. ಆಮೇಲೆ ಅವರು ಕೇಳತೊಡಗಿದರು. ಹಟ್ಟಿ ಎಷ್ಟು ವರ್ಷದ್ದು? ವರ್ಷಕ್ಕೆ ಎಷ್ಟು ದಿನ ಕುರಿ ಇರುತ್ತವೆ? ಭಂಡಾರ ಅಂಗಡಿಯದೋ, ಮನೆಯಲ್ಲೇ ಕುಟ್ಟಿದ್ದೋ? ಒಂದೊಂದಕ್ಕೂ ಹೇಳಿದೆ. ಕಾಗದದ ಮೇಲೆ ಪೆನ್ನು ಓಡುವ ಸದ್ದು ಕೇಳಿಸುತ್ತಿತ್ತು. ನಾನು ಹೇಳಿದ್ದನ್ನು ಯಾರೋ ಬರೆದುಕೊಳ್ಳುತ್ತಿದ್ದರು!

"ಇಂಥಾ ಹಟ್ಟಿ ಮತ್ತೆಲ್ಲೆಲ್ಲಿ ಅದಾವು?"

"ಹದಿನೇಳ ಅದಾವ್ರೀ. ಬೀಳಗಿ ಗುಡ್ಡದ ಸುತ್ತ ಒಂಬತ್ತು. ಉಳದಾವು ಮುಧೋಳ ದಾರಿಗೆ. ಅದರಾಗ ನಾಕು ಬಿಟ್ಟ ಹಟ್ಟಿ, ಕುರಿ ಹೋಗದ ಹನ್ನೆರಡ ವರ್ಷ ಆತು. ಒಂದರಾಗ ಭಂಡಾರ ಹಾಕಂಗಿಲ್ಲ, ಅವರ ದೇವರ ಬ್ಯಾರೆ."

"ಹಾಕದ್ದೂ ಒಂದು ಐತೇನು?" ಸರ್ ಕುರ್ಚಿಯಿಂದ ಎದ್ದಂತೆ ಕೇಳಿಸಿತು. "ಹಾಕಿದ್ದು, ಹಾಕದ್ದು, ಬಿಟ್ಟದ್ದು! ಮೂರನ್ನೂ ಹೋಲಿಸಬಹುದಲ್ಲಪಾ. ಬರೂ ಸೋಮವಾರ ಲ್ಯಾಬಿಗೆ ಬಾ. ನಕ್ಷೆ ಹಾಕೋಣು. ನೀನು ತೋರಿಸಬೇಕು."

ಹಿಂದಿನಿಂದ ದುಂಡೇಶನ ದನಿ ಬಂತು: "ನನಗೂ ಗೊತ್ತದಾವ್ರೀ ಸರ್ ಆ ಹಟ್ಟಿ." ಅವನಿಗೆ ಗೊತ್ತಿದ್ದದ್ದು ಮೂರೋ ನಾಲ್ಕೋ. ಫೋನು ಕೈ ಬದಲಾಯಿತು. ಬಾಗಿಲು ಮುಚ್ಚಿದ ಸದ್ದು. ಅವನು ಹೊರಗೆ ಬಂದು ನಿಂತಿದ್ದಿರಬೇಕು.

"ಅಣ್ಣಾ," ಎಂದ. "ಸರ್ ಹಂಗ ಅಂತಾರ. ನೀ ಬರಾಕ ಹೋಗಬ್ಯಾಡ. ಇಲ್ಲಿ ಎಲ್ಲಾ ಇಂಗ್ಲಿಷ್‌ನ್ಯಾಗ ಇರ್ತೈತಿ, ನಿನಗ ತಿಳಿಯಂಗಿಲ್ಲ. ಹಟ್ಟಿ ಹೆಸರ ನನಗ ಹೇಳು, ನಾ ಬರಕೋತೀನಿ."

ಆ ದನಿ ನನಗೆ ಗೊತ್ತಿತ್ತು. ಮೇಲೆ ನಯ, ಕೆಳಗೆ ಉರಿ. ಒಂದೊಂದು ಅಕ್ಷರವನ್ನೂ ಹಲ್ಲಿನ ನಡುವಿನಿಂದ ಬಿಡುವುದು. ಅಪ್ಪ ಪೇಢೆ ತಿಂದು ನಕ್ಕ ದಿನ ನಾನು ಮಾತಾಡಿದ್ದು ಇದೇ ದನಿಯಲ್ಲಿ. ಅದು ಅವನ ಬಾಯಿಂದ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕುರಿಯ ಗೊರಸು ಬಿಟ್ಟು ಎದ್ದು ನಿಂತೆ. ಕನಿಕರ ಬರಬೇಕಿತ್ತೇನೋ. ಬರಲಿಲ್ಲ.

"ಸೋಮವಾರ ಎಷ್ಟಕ್ಕ ಬರಬೇಕು?" ಎಂದೆ.

"ಅಣ್ಣಾ, ಕುರಿ ಯಾರ ನೋಡ್ತಾರ?"

"ಎಷ್ಟಕ್ಕ ಬರ್ಲಿ ಹೇಳಲೇ."

ಅವನು ಹೇಳಲಿಲ್ಲ. ಫೋನನ್ನೂ ಇಡಲಿಲ್ಲ. ಆ ಕಡೆ ಅವನ ಉಸಿರು ಕೇಳುತ್ತಿತ್ತು. ನಾನೂ ಇಡಲಿಲ್ಲ. ಮೊದಲು ಅವನೇ ಇಡಲಿ ಎಂದು ಕಾಯುತ್ತ ನಿಂತೆ.